ಆಡುವವರು ಬದಲಾದರು, ತಂಡ ನಿಂತಿತು
ಬೆಂಗಳೂರು ಎಫ್‌ಸಿಯ ಹನ್ನೆರಡು ವರ್ಷ: ಸಗರನಾಡಿನಿಂದ ಒಂದು ನೋಟ

2017ರ ಜುಲೈ 23ರಂದು ಮುಂಬೈಯಲ್ಲಿ ದೇಶದ ಫುಟ್‌ಬಾಲ್ ಆಟಗಾರರ ಹಂಚಿಕೆ ನಡೆಯಿತು. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಇಂಡಿಯನ್ ಸೂಪರ್ ಲೀಗಿನ ಪ್ರತಿ ಕ್ಲಬ್ಬೂ ತನ್ನ ಸರದಿ ಬಂದಾಗ ಒಬ್ಬೊಬ್ಬ ಭಾರತೀಯ ಆಟಗಾರನನ್ನು ಆರಿಸಿಕೊಳ್ಳಬೇಕಿತ್ತು. ಐ-ಲೀಗ್ ಬಿಟ್ಟು ಆ ವರ್ಷವೇ ಅಲ್ಲಿಗೆ ಬಂದಿದ್ದ ಬೆಂಗಳೂರು ಎಫ್‌ಸಿ ತನ್ನ ಹಿರಿಯ ಭಾರತೀಯರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಸುನಿಲ್ ಛೇತ್ರಿ, ಉದಾಂತ ಸಿಂಗ್ ಉಳಿದರು. ಯುಜೆನ್ಸನ್ ಲಿಂಗ್ಡೋ 1.1 ಕೋಟಿಗೆ ಕೋಲ್ಕತ್ತದ ಎಟಿಕೆ ಪಾಲಾದರು. ಸಿ.ಕೆ. ವಿನೀತ್ ಮತ್ತು ರಿನೊ ಆಂಟೊ ಕೇರಳಕ್ಕೆ, ಗೋಲ್‌ಕೀಪರ್ ಅಮರಿಂದರ್ ಸಿಂಗ್ ಮುಂಬೈಗೆ ಹೋದರು. ಎಂಟು ತಿಂಗಳ ಹಿಂದಷ್ಟೇ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿ ಬಂದಿದ್ದ ತಂಡ ಹೀಗೆ ನಾಲ್ಕು ದಿಕ್ಕಿಗೆ ಚದುರಿತು. ಆದರೂ ಮುಂದಿನ ಮಾರ್ಚ್ ಹೊತ್ತಿಗೆ ಅದೇ ಕ್ಲಬ್ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿತ್ತು. ಎರಡನೆಯ ಸ್ಥಾನದಲ್ಲಿದ್ದವರಿಗಿಂತ ಎಂಟು ಅಂಕ ಮುಂದೆ.

ಇದು ಹೇಗಾಯಿತು ಎನ್ನುವುದನ್ನು ಬಿಡಿಸಿ ನೋಡಲೆಂದೇ ಈ ಲೇಖನ. ಕ್ಲಬ್ಬಿನ ಕಪ್ಪುಗಳ ಪಟ್ಟಿ ಯಾರಿಗಾದರೂ ಸಿಗುತ್ತದೆ. ಅದನ್ನಷ್ಟೇ ಬರೆದರೆ ಈ ಸ್ಮರಣ ಸಂಚಿಕೆ ಬಹುಮಾನ ಪತ್ರಿಕೆಯಾದೀತು.

ಸಗರನಾಡಿಗೂ ಈ ಕಥೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಸಗರನಾಡಿನ, ಅಂದರೆ ಯಾದಗಿರಿ, ಶಹಾಪುರ, ಸುರಪುರದ ಊರುಗಳಿಂದ ಉದ್ಯಾನ್ ಎಕ್ಸ್‌ಪ್ರೆಸ್ಸು, ಕರ್ನಾಟಕ ಎಕ್ಸ್‌ಪ್ರೆಸ್ಸು ಹತ್ತಿ ಬೆಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಇವತ್ತು ಜಾತ್ರೆಗೆ ಊರಿಗೆ ಬರುವಾಗ ನೀಲಿ ಜರ್ಸಿ ತೊಟ್ಟು ಬರುತ್ತಾರೆ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಡೊಳ್ಳು ಬಾರಿಸಿ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಹೆಸರು ಅವರ ಬಾಯಲ್ಲಿದೆ. ಅದಕ್ಕಿಂತ ಹಳೆಯ ನಂಟು ಇನ್ನೊಂದು ಕಡೆಯದು. ನಮ್ಮ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದೊಳಗಿದ್ದವು. ಆ ರಾಜಧಾನಿಯ ತಂಡವೊಂದು ಸ್ವತಂತ್ರ ಭಾರತದ ಫುಟ್‌ಬಾಲಿಗೆ ಮಾದರಿಯಾಗಿತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದನ್ನು ತಿದ್ದಿ ಬೆಳೆಸಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮಾಸ್ತರರು. ಮುಂದೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೆ ಒಯ್ದವರು ಅವರೇ.

ಆ ಕಾಲದ ಗೆಲುವು ಉಳಿಯುತ್ತಿದ್ದ ಬಗೆ ಸರಳವಾಗಿತ್ತು. ಆಟಗಾರ ಪೊಲೀಸ್ ಇಲಾಖೆಯ ನೌಕರ. ಸಂಬಳ ಸಣ್ಣದು, ಆದರೆ ಕಾಯಂ. ನಿವೃತ್ತಿಯ ತನಕ ಅವನು ಬೇರೆಲ್ಲಿಗೂ ಹೋಗುವ ಮಾತೇ ಇಲ್ಲ. ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳೂ ಹೀಗೆಯೇ ನಡೆದವು. ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದದ್ದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಆಟಗಾರರ ಆ ಯುಗದಲ್ಲಿ. ಅಲ್ಲಿಂದ ಮುಂದೆ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ. ನಡುವೆ 54 ವರ್ಷ. ಕಾಯಂ ನೌಕರಿಯ ಕಾಲ ಮುಗಿದಂತೆ ಆ ತಂಡಗಳೂ ಸೊರಗಿದವು. ಎಚ್‌ಎಎಲ್ 2011-12ರಲ್ಲಿ ಐ-ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಬಿದ್ದು ಹೊರಬಂತು. ಬೆಂಗಳೂರಿನಲ್ಲಿ ದೊಡ್ಡ ಫುಟ್‌ಬಾಲ್ ಇನ್ನಿಲ್ಲ ಎಂದುಕೊಂಡಿದ್ದಾಗಲೇ ಬೇರೆ ಬಗೆಯ ಕ್ಲಬ್ ಒಂದು ಹುಟ್ಟಿತು.

2013ರ ಜುಲೈ 20ರಂದು ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಕೈಯಲ್ಲಿ ಹಣವಿತ್ತು, ಆದರೆ ಆಟ ಶುರುವಾಗಲು ಎರಡೇ ತಿಂಗಳು. ಕೋಚ್ ಆಗಿ ಬಂದ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕಿರಿಯರ ತಂಡದಲ್ಲಿ ಬೆಳೆದವರು. ಅವರು ಕಟ್ಟಿದ್ದು ಬೇರೆ ಕ್ಲಬ್ಬುಗಳು ಪೂರಾ ಬಳಸದೆ ಬಿಟ್ಟ ಆಟಗಾರರ ತಂಡ. ಹೆಸರು ಮಾಡಿದವರೆಂದರೆ ನಾಯಕ ಛೇತ್ರಿ ಒಬ್ಬರೇ ಎನ್ನಬಹುದು. ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಮೋಹನ್ ಬಗಾನ್ ವಿರುದ್ಧ ಮೊದಲ ಪಂದ್ಯ 1-1ರಲ್ಲಿ ಸಮವಾಯಿತು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ, ಕಾಲಿಟ್ಟ ಮೊದಲ ವರ್ಷವೇ ದೇಶದ ಲೀಗ್ ಗೆದ್ದಾಗಿತ್ತು.

ವೆಸ್ಟ್‌ವುಡ್ ತಂದದ್ದು ಶಿಸ್ತು: ಊಟ, ನಿದ್ದೆ, ಓಟ, ತೂಕ, ಎಲ್ಲಕ್ಕೂ ಲೆಕ್ಕ. ಭಾರತದ ಕ್ಲಬ್ಬುಗಳಲ್ಲಿ ಇವೆಲ್ಲ ಆಟಗಾರನ ಮರ್ಜಿಗೆ ಬಿಟ್ಟ ಸಂಗತಿಗಳಾಗಿದ್ದವು. ಅವರ ಕೈಕೆಳಗೆ 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2015-16ರಲ್ಲಿ ಎರಡನೆಯ ಐ-ಲೀಗ್ ಬಂದವು. ನಡುವಿನ 2014-15ರ ಲೀಗ್ ಕೈತಪ್ಪಿದ್ದು ಕೊನೆಯ ಪಂದ್ಯದಲ್ಲಿ. ಮೇ 31ರಂದು ಕಂಠೀರವದಲ್ಲಿ ಮೋಹನ್ ಬಗಾನ್ 87ನೆಯ ನಿಮಿಷದಲ್ಲಿ ಹೆಡರ್ ಒಂದರಿಂದ ಸಮಗೊಳಿಸಿ ಪ್ರಶಸ್ತಿ ಒಯ್ದಿತು. ಆ ಸಂಜೆ ಅಲ್ಲಿದ್ದವರಿಗೆ ಆ ಹೆಡರ್ ಇವತ್ತೂ ಮರೆತಿಲ್ಲ.

ಆ ದಿನಗಳ ಒಂದು ವಿಚಿತ್ರವನ್ನು ಈಗಿನ ಹುಡುಗರು ನಂಬಲಾರರು. ಆಗ ದೇಶದಲ್ಲಿ ಎರಡು ಲೀಗುಗಳಿದ್ದವು. ಶರತ್ಕಾಲದಲ್ಲಿ ಸೂಪರ್ ಲೀಗ್, ಅದು ಮುಗಿದ ಮೇಲೆ ಐ-ಲೀಗ್. ಹಾಗಾಗಿ ಬೆಂಗಳೂರಿನ ಆಟಗಾರರು ಒಂದಷ್ಟು ತಿಂಗಳು ಎರವಲು ಹೋಗುತ್ತಿದ್ದರು. 2015ರ ಹರಾಜಿನಲ್ಲಿ ಛೇತ್ರಿ 1.2 ಕೋಟಿಗೆ ಮುಂಬೈ ತಂಡಕ್ಕೆ, ಲಿಂಗ್ಡೋ 1.05 ಕೋಟಿಗೆ ಪುಣೆಗೆ ಹೋದರು. ಒಬ್ಬರಿಗೊಬ್ಬರು ಎದುರಾಳಿಗಳಾಗಿ ಆಡಿ, ಚಳಿಗಾಲಕ್ಕೆ ಮತ್ತೆ ಬೆಂಗಳೂರಿಗೆ ಬಂದು ಒಂದೇ ಕೋಣೆಯಲ್ಲಿ ಬೂಟು ಕಟ್ಟುತ್ತಿದ್ದರು. ತಂಡ ಒಡೆಯುವುದು, ಮತ್ತೆ ಕೂಡುವುದು ಈ ಕ್ಲಬ್ಬಿಗೆ ಆಗಲೇ ರೂಢಿಯಾಗಿತ್ತು. 2017ರ ಚೆದುರುವಿಕೆಯನ್ನು ಅದು ತಾಳಿಕೊಂಡಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

2016ರ ಜುಲೈಯಲ್ಲಿ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಬಂದರು. ವೆಸ್ಟ್‌ವುಡ್ ಓಡಿಸುವವರು, ರೋಕಾ ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳಲು ಕಲಿಸುವವರು. ಅಕ್ಟೋಬರ್ 19ರಂದು ಹಿಂದಿನ ವರ್ಷದ ಎಎಫ್‌ಸಿ ಕಪ್ ವಿಜೇತ, ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದರು. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಆ ರಾತ್ರಿ ಬಂತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡ ಅಲ್-ಕುವಾ ಅಲ್-ಜವಿಯಾ ಎದುರು 0-1ರಿಂದ ಸೋತರು. ಅಮರಿಂದರ್ ಮೇಲೆ ಹಳದಿ ಚೀಟಿಗಳ ನಿಷೇಧವಿದ್ದುದರಿಂದ ಗೋಲಿನೆದುರು ನಿಂತದ್ದು ಎರಡನೆಯ ಕೀಪರ್ ಲಾಲ್‌ಥುಅಮ್ಮಾವಿಯಾ ರಾಲ್ಟೆ.

ಮತ್ತೆ 2017ಕ್ಕೆ ಬರೋಣ. ಡ್ರಾಫ್ಟು, ಸಂಬಳದ ಮಿತಿ, ಇವು ಅಮೆರಿಕದಿಂದ ಬಂದ ಪದ್ಧತಿಗಳು. ಅಲ್ಲಿಯ ಎನ್‌ಎಫ್‌ಎಲ್ (ಅವರು ಫುಟ್‌ಬಾಲ್ ಎನ್ನುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ) 1994ರಲ್ಲಿ ಸ್ಯಾಲರಿ ಕ್ಯಾಪ್ ತಂದಿತು. ಸಿರಿವಂತ ತಂಡವೊಂದೇ ಎಲ್ಲ ಆಟಗಾರರನ್ನೂ ಕೊಂಡು ಹಾಕಬಾರದು ಎನ್ನುವುದು ಉದ್ದೇಶ. ನಮ್ಮ ಸೂಪರ್ ಲೀಗಿನಲ್ಲೂ ಒಂದು ಹಂತದಲ್ಲಿ ಈ ಮಿತಿ ತಂಡಕ್ಕೆ 16.5 ಕೋಟಿ ರೂಪಾಯಿ ಇತ್ತು. ಅದರೊಳಗೇ ವಿದೇಶಿಯರು, ಭಾರತೀಯರು ಬರಬೇಕಿತ್ತು.

ಮಿತಿಯ ಒಳಗಿನ ಕಷ್ಟ ಸೋತ ತಂಡಕ್ಕೆ ಗೊತ್ತಾಗುವುದಿಲ್ಲ, ಗೆದ್ದ ತಂಡಕ್ಕೆ ಗೊತ್ತಾಗುತ್ತದೆ. ಕಪ್ ಗೆದ್ದ ಕೂಡಲೇ ಆ ತಂಡದ ಎಲ್ಲ ಆಟಗಾರರ ಬೆಲೆಯೂ ಏರುತ್ತದೆ. ಮಿತಿ ಮಾತ್ರ ಹೋದ ವರ್ಷದ್ದೇ. ನಾಯಕನಿಗೂ ಕೀಪರ್‌ಗೂ ಕೊಟ್ಟ ಮೇಲೆ ಮೂರನೆಯ, ನಾಲ್ಕನೆಯ, ಐದನೆಯ ಆಟಗಾರ ಕೇಳಿದ್ದನ್ನು ಕೊಡಲಾಗುವುದಿಲ್ಲ. ಅವರ ಮನೆಬಾಗಿಲಿಗೆ ಬೇರೆ ಕ್ಲಬ್ಬುಗಳು ಬರುತ್ತವೆ. ಬೆಂಗಳೂರಿನಿಂದ ಹೋದವರನ್ನು ನೆನೆಸಿಕೊಂಡರೆ ಇದು ಕಣ್ಣಿಗೆ ಕಟ್ಟುತ್ತದೆ. 2018ರಲ್ಲಿ ಲೆನ್ನಿ ರಾಡ್ರಿಗಸ್ ಗೋವಾಕ್ಕೆ, ಸುಭಾಷಿಷ್ ಬೋಸ್ ಮುಂಬೈಗೆ. 2020ರಲ್ಲಿ ನಿಶು ಕುಮಾರ್ ಕೇರಳಕ್ಕೆ. 2021ರಲ್ಲಿ ರಾಹುಲ್ ಭೇಕೆ ಮುಂಬೈಗೆ, ಹರ್ಮನ್‌ಜೋತ್ ಖಾಬ್ರಾ ಕೇರಳಕ್ಕೆ. 2022ರಲ್ಲಿ ಆಶಿಕ್ ಕುರುಣಿಯನ್ ಕೋಲ್ಕತ್ತಕ್ಕೆ. 2023ರಲ್ಲಿ ಉದಾಂತ ಕೂಡ ಗೋವಾಕ್ಕೆ. ಇವರಲ್ಲಿ ಯಾರೂ ಕೆಟ್ಟು ಹೋದವರಲ್ಲ. ಚೆನ್ನಾಗಿ ಆಡಿದ್ದಕ್ಕೇ ಬೇಡಿಕೆ ಬಂತು.

ಹೀಗಿರುವಾಗ ಬೆಂಗಳೂರು ಏನು ಮಾಡಿತು? ಮೊದಲು, ಇರಿಸಿಕೊಳ್ಳಬೇಕಾದವರ ಪಟ್ಟಿಯನ್ನು ಚಿಕ್ಕದು ಮಾಡಿತು. ಛೇತ್ರಿ 2013ರಿಂದ ಇದ್ದಾರೆ. 2017ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಿಂದ ಗುರ್‌ಪ್ರೀತ್ ಸಿಂಗ್ ಸಂಧು ಬಂದರು. ಗೋಲು ಹೊಡೆಯುವವನೊಬ್ಬ, ಗೋಲು ತಡೆಯುವವನೊಬ್ಬ. ಈ ಎರಡು ತುದಿಯ ನಡುವೆ ಉಳಿದವರು ಬದಲಾಗುತ್ತಲೇ ಹೋದರು. ಡ್ರಾಫ್ಟಿನಲ್ಲಿ ಬೇರೆಯವರು ಸ್ಟಾರುಗಳ ಹಿಂದೆ ಬಿದ್ದಾಗ ಇವರು ತಮ್ಮ ಆಟಕ್ಕೆ ಹೊಂದುವ ಭೇಕೆ, ಖಾಬ್ರಾ, ಲೆನ್ನಿ, ಸುಭಾಷಿಷ್‌ರಂಥವರನ್ನು ತೆಗೆದುಕೊಂಡರು. ವಿದೇಶಿಯರಲ್ಲಿ ಜಾನ್ ಜಾನ್ಸನ್, ಹ್ವಾನಾನ್ ಹಳಬರು. ಅವರ ಜೊತೆಗೆ ನಡುಮೈದಾನಕ್ಕೆ ದಿಮಾಸ್ ದೆಲ್ಗಾದೊ, ಎರಿಕ್ ಪಾರ್ಟಾಲು, ಮುಂದೆ ವೆನೆಜುವೆಲಾದ ಮಿಕು ಸೇರಿದರು.

ಎರಡನೆಯದು, ನನ್ನ ಪ್ರಕಾರ ಇದೇ ಮುಖ್ಯ, ಕೋಚ್ ಬದಲಾದರೂ ಪಾಠ ಬದಲಾಗಲಿಲ್ಲ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2-3ರಿಂದ ಸೋತು, ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದ ಮೇಲೆ ರೋಕಾ ಊರಿಗೆ ಹೊರಟರು. ಕ್ಲಬ್ ಹೊಸಬರನ್ನು ಹುಡುಕಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕೂರಿಸಿತು. ಆಟಗಾರರಿಗೆ ಮತ್ತೆ ಒಂದರಿಂದ ಕಲಿಯುವ ಕೆಲಸ ಬೀಳಲಿಲ್ಲ. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದೇ, ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು. 117ನೆಯ ನಿಮಿಷದಲ್ಲಿ ದಿಮಾಸ್ ಎತ್ತಿದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಪಟ್ಟಿಯಲ್ಲೂ ಮೊದಲು ಬಂದು ಫೈನಲನ್ನೂ ಗೆದ್ದ ಮೊದಲ ತಂಡ ಅದು.

ಮುಂದಿನದು ಇಳಿಜಾರು. ಕೊರೊನಾ ಕಾಲದ ಎರಡು ಸೀಸನ್ ಗೋವಾದ ಖಾಲಿ ಮೈದಾನಗಳಲ್ಲಿ ನಡೆದವು. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದರು. ಆ ವರ್ಷ ಏಳನೆಯ ಸ್ಥಾನ, ಮರುವರ್ಷ ಆರು. ಹಳಬರಾದ ದಿಮಾಸ್, ಪಾರ್ಟಾಲು, ಹ್ವಾನಾನ್ ಒಂದೇ ಬಾರಿಗೆ ಹೊರಟಿದ್ದರು. ಒಟ್ಟಿಗೆ ವಯಸ್ಸಾಗಲು ಬಿಟ್ಟದ್ದು ಆಡಳಿತದ ತಪ್ಪು. ವರ್ಷಕ್ಕೊಬ್ಬರನ್ನು ಬದಲಿಸಿದ್ದರೆ ಅಷ್ಟು ದೊಡ್ಡ ಹೊಂಡ ಬೀಳುತ್ತಿರಲಿಲ್ಲ.

ಆ ಹೊಂಡ ತುಂಬಿದ್ದು ಕೊಂಡು ತಂದವರಿಂದಷ್ಟೇ ಅಲ್ಲ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬದ ತುದಿ ಮುಟ್ಟಿದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಕೆಳಗೆ ಹೆಗಲು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಬೆಂಗಳೂರು ಎಫ್‌ಸಿಯ ಹೆಗಲು ಅದರ ಬಿ ತಂಡ. ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಬೆಳಗಿನ ಬಿಸಿಲಿನಲ್ಲಿ ನೂರಿನ್ನೂರು ಜನರೆದುರು ಆಡುವ ಹುಡುಗರು ಅವರು. ನೌಷಾದ್ ಮೂಸಾ ತಿದ್ದಿದ ಆ ತಂಡ 2022ರಲ್ಲಿ ಮೊದಲ ಬಾರಿ ನಡೆದ ಡೆವಲಪ್‌ಮೆಂಟ್ ಲೀಗ್ ಗೆದ್ದಿತು. ಅಲ್ಲಿಂದ ಮೇಲೆ ಬಂದ ಮಣಿಪುರದ ರೋಷನ್ ಸಿಂಗ್ 2021-22ರಲ್ಲಿ, ತಮಿಳುನಾಡಿನ ಶಿವಶಕ್ತಿ ನಾರಾಯಣನ್ 2022-23ರಲ್ಲಿ ಸೂಪರ್ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಸತತ ಎರಡು ವರ್ಷ ಆ ಪ್ರಶಸ್ತಿ ಒಂದೇ ಕ್ಲಬ್ಬಿಗೆ ಬಂದಿತು. ಸಂಬಳದ ಮಿತಿಯ ಲೆಕ್ಕದಲ್ಲಿ ನೋಡಿದರೆ ಇಂಥ ಇಬ್ಬರು ಹುಡುಗರು ಸಿಕ್ಕರೆ ಉಳಿದ ಹಣದಲ್ಲಿ ವಿದೇಶಿ ಗೋಲುಗಾರ ರಾಯ್ ಕೃಷ್ಣನನ್ನು ತರಬಹುದು. ತಂದರು ಕೂಡ. ಸೈಮನ್ ಗ್ರೇಸನ್ ಕೋಚ್ ಆದ ವರ್ಷ, 2022ರ ಸೆಪ್ಟೆಂಬರ್ 18ರಂದು, ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದರು. ಮೊದಲ ಗೋಲು ಶಿವಶಕ್ತಿಯದು. ಲೀಗಿನಲ್ಲಿ ಮೊದಲು ಹಿಂದೆ ಬಿದ್ದು, ಆಮೇಲೆ ಸತತ ಎಂಟು ಪಂದ್ಯ ಗೆದ್ದು ಫೈನಲ್‌ಗೂ ಹೋದರು. ಅಲ್ಲಿ ಪೆನಾಲ್ಟಿಯಲ್ಲಿ ಸೋತರು.

2023-24ರಲ್ಲಿ ಮತ್ತೆ ಕುಸಿದು ಹತ್ತನೆಯ ಸ್ಥಾನ. ಗ್ರೇಸನ್ ನಡುವೆಯೇ ಹೋಗಿ ಸ್ಪೇನಿನ ಜೆರಾರ್ಡ್ ಸರಗೋಸ ಬಂದರು. ಮೊದಲ ವರ್ಷದ ತಂಡದಲ್ಲಿ ಆಡಿದ್ದ ಡ್ಯಾರೆನ್ ಕಾಲ್ಡೆರಾ ಆಗ ಫುಟ್‌ಬಾಲ್ ನಿರ್ದೇಶಕರ ಕುರ್ಚಿಯಲ್ಲಿದ್ದರು. 2019ರ ಆ ಹೆಡರ್‌ನ ಭೇಕೆಯನ್ನು 2024ರಲ್ಲಿ ಮುಂಬೈಯಿಂದ ಮರಳಿ ಕರೆತಂದರು. ಸೀಸನ್ನಿನ ಮೊದಲ ಪಂದ್ಯದಲ್ಲಿ, ಸೆಪ್ಟೆಂಬರ್ 14ರಂದು, ಈಸ್ಟ್ ಬೆಂಗಾಲ್ ವಿರುದ್ಧದ ಏಕೈಕ ಗೋಲು ಹೊಡೆದವನು ಲೀಗಿನಲ್ಲಿ ಮೊದಲ ಸಲ ಕಣಕ್ಕಿಳಿದ ವಿನೀತ್ ವೆಂಕಟೇಶ್ ಎಂಬ ಕಿರಿಯ. ಹತ್ತರಲ್ಲಿದ್ದ ತಂಡ ಮೂರಕ್ಕೇರಿತು. ಪ್ಲೇಆಫ್‌ನಲ್ಲಿ ಮುಂಬೈಯನ್ನು 5-0ಯಿಂದ ಉರುಳಿಸಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು.

ಇಲ್ಲಿ ಒಂದು ಕಟುಮಾತು ಹೇಳಲೇಬೇಕು. ಆ ಸೀಸನ್ನಿನಲ್ಲಿ ಛೇತ್ರಿ 14 ಗೋಲು ಹೊಡೆದರು, 40ರ ವಯಸ್ಸಿನಲ್ಲಿ. ಇದು ಅವರ ಹಿರಿಮೆ. ಕ್ಲಬ್ಬಿಗೆ ಮಾತ್ರ ಇದು ಪೂರ್ತಿ ಹೆಮ್ಮೆಯ ಸಂಗತಿಯಲ್ಲ. ರಕ್ಷಣೆಯವರಿಗೆ, ನಡುಮೈದಾನದವರಿಗೆ, ಕೋಚಿಗೂ ಬದಲಿ ಹುಡುಕಿದ ತಂಡಕ್ಕೆ ಹನ್ನೆರಡು ವರ್ಷದಲ್ಲಿ ಅವರ ಜಾಗ ತುಂಬುವ ಒಬ್ಬ ಭಾರತೀಯ ಗೋಲುಗಾರನನ್ನು ತಯಾರು ಮಾಡಲಾಗಲಿಲ್ಲ. 2019ರ ನಂತರ ಲೀಗಿನ ಫೈನಲ್‌ಗೆ ಎರಡು ಸಲ ಹೋಗಿ ಎರಡೂ ಸಲ ಬರಿಗೈಯಲ್ಲಿ ಬಂದದ್ದನ್ನು ಇದರ ಜೊತೆಗಿಟ್ಟು ನೋಡಬೇಕು.

ಆದರೂ ಇದೇ ನಗರದ ಇನ್ನೊಂದು ತಂಡದ ಪಕ್ಕದಲ್ಲಿ ಇದು ಎಷ್ಟೋ ಮೇಲು. ನಮ್ಮ ಕಡೆ ಕಬಡ್ಡಿಯೇ ಮನೆಯ ಆಟ, ಹಾಗಾಗಿ ಬೆಂಗಳೂರು ಬುಲ್ಸ್ ಕಥೆ ಎಲ್ಲರಿಗೂ ಗೊತ್ತು. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬುಲ್ಸ್‌ಗೆ ಕಪ್ ಗೆಲ್ಲಿಸಿದರು. 2022ರ ಹರಾಜಿನಲ್ಲಿ ಅವರು 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. 2024ರ ಸೀಸನ್ನಿನಲ್ಲಿ ಬುಲ್ಸ್ ಹನ್ನೆರಡು ತಂಡಗಳಲ್ಲಿ ಕೊನೆಯದು. ಅಲ್ಲೂ ಹಣದ ಮಿತಿ ಇದೆ, ಇಲ್ಲೂ ಇದೆ. ಒಬ್ಬನ ಮೇಲೆ ಕಟ್ಟಿದ ಮನೆ ಅವನು ಹೋದ ಮೇಲೆ ಬಹಳ ಕಾಲ ನಿಲ್ಲಲಿಲ್ಲ, ಅಷ್ಟೇ.

ಮಿತಿ ಸಂಬಳವನ್ನು ಹಿಡಿದಿಡಬಹುದು, ನಷ್ಟವನ್ನಲ್ಲ. ಲೀಗಿನ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಲಿದ್ದು, ಮುಂದಿನ ಸೀಸನ್ ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಹುಟ್ಟಿತ್ತು. ಆಗ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳ, ಫುಟ್‌ಬಾಲ್ ಶಾಲೆಗಳ ಕೆಲಸ ನಿಲ್ಲುವುದಿಲ್ಲ ಎಂದೂ ಹೇಳಿತು. ಮೇಲಿನದನ್ನು ನಿಲ್ಲಿಸಿ ಕೆಳಗಿನದನ್ನು ಉಳಿಸಿದ್ದು ಸರಿಯಾದ ಆಯ್ಕೆ. ಈ ಕ್ಲಬ್ ಪ್ರತಿಸಲ ಬಿದ್ದಾಗ ಎದ್ದದ್ದು ಆ ಕೆಳಗಿನ ಬಲದಿಂದಲೇ.

ಅದರ ವಸತಿ ಅಕಾಡೆಮಿ ಇರುವುದು ಬೆಂಗಳೂರಿನಲ್ಲಲ್ಲ. ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಿ, ಜೆಎಸ್‌ಡಬ್ಲ್ಯೂ ಕಾರ್ಖಾನೆಯ ಪಕ್ಕದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಅಂದರೆ ನಮ್ಮದೇ ಕಲ್ಯಾಣ ಕರ್ನಾಟಕದಲ್ಲಿ. ಮಣಿಪುರದ, ಮಿಜೋರಾಂನ ಮಕ್ಕಳಿಗೆ ದೇಶದ ಆ ಮೂಲೆಯಿಂದ ಈ ದಾರಿ ಗೊತ್ತಿದೆ. ರಾಯಚೂರು ದಾಟಿದರೆ ಬಳ್ಳಾರಿ ಮುಟ್ಟುವ ನಮಗೆ ಅದು ದೂರವಾಗಬಾರದು.

ಶಹಾಪುರ, ಸುರಪುರ, ಯಾದಗಿರಿಯ ಪಿ.ಟಿ. ಮಾಸ್ತರರಲ್ಲಿ ಒಂದು ಬಿನ್ನಹ. ನಿಮ್ಮ ಶಾಲೆಯಲ್ಲಿ ಚೆನ್ನಾಗಿ ಓಡುವ, ಚೆಂಡು ಬಿಡದ ಹನ್ನೆರಡು-ಹದಿಮೂರರ ಹುಡುಗರ ಹೆಸರು ಬರೆದಿಡಿ. ಅಕಾಡೆಮಿಯ ಆಯ್ಕೆ ಶಿಬಿರ ಯಾವಾಗ ಎಂದು ವಿಚಾರಿಸಿ ಅವರನ್ನು ಕರೆದೊಯ್ಯಿರಿ. ಜಿಲ್ಲಾ ಪಂಚಾಯಿತಿಯವರಲ್ಲಿ ಇನ್ನೊಂದು: ತಾಲ್ಲೂಕಿಗೆ ಒಂದಾದರೂ ಹುಲ್ಲಿನ ಮೈದಾನ ಮಾಡಿಕೊಡಿ, ಬೇಸಿಗೆಯಲ್ಲಿ ಅದಕ್ಕೆ ನೀರು ಬಿಡುವ ವ್ಯವಸ್ಥೆಯ ಸಮೇತ. ನಾರಾಯಣಪುರದ ಕಾಲುವೆ ಹರಿಯುವ ನಾಡಿಗೆ ಇದು ದೊಡ್ಡ ಕೇಳಿಕೆಯಲ್ಲ.